ಚಲಿಸುವ ಅಲೆಯ ಸಮೀಕರಣವನ್ನು ಬರೆಯುವ ಬಗೆ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಶಾಲೆಯ ಏಳಿಗೆಯನ್ನೋ ಶಿಸ್ತಿನ ಮಹಿಮೆಯನ್ನೋ ಕುರಿತದ್ದಾಗಿರುವುದು ವಾಡಿಕೆ. ಈ ಸಾರಿ ಆ ವಾಡಿಕೆಯನ್ನು ಬಿಟ್ಟು ಒಂದು ಪಾಠವನ್ನೇ ಬರೆಯಲು ಅಪೇಕ್ಷಿಸಿದ್ದೇನೆ. ಇದು ಭೌತಶಾಸ್ತ್ರದ ಪಾಠ. ಚಲಿಸುವ ಅಲೆಯನ್ನು ಗಣಿತದ ಭಾಷೆಯಲ್ಲಿ ಬರೆಯುವುದು ಹೇಗೆಂಬುದೇ ಇದರ ವಿಷಯ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇವುಗಳ ಜೊತೆಗೆ ಪ್ರೌಢಶಾಲೆಯಲ್ಲಿ ಕಲಿತ ಅಲ್ಪಸ್ವಲ್ಪ ತ್ರಿಕೋಣಮಿತಿಯಿದ್ದರೆ ಸಾಕು, ಯಾರು ಬೇಕಾದರೂ ಇದನ್ನು ತಿಳಿಯಬಹುದು. ಅದನ್ನು ಮರೆತವರಿಗೆ ನಡುವೆ ಜ್ಞಾಪಿಸುತ್ತ ಹೋಗುತ್ತೇನೆ.

ಈ ಪಾಠವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನು ಶಿಕ್ಷಕಿಯರ ತರಬೇತಿಯನ್ನು ಮುಗಿಸಿ ಹೊಸದಾಗಿ ಪಾಠ ಹೇಳತೊಡಗಿದ್ದ ಕಾಲದಲ್ಲಿ, ನಮ್ಮಲ್ಲಿ ಓದಿ ಮುಂದಿನ ತರಗತಿಗೆ ಕಾಲೇಜು ಸೇರಿದ್ದ ಹುಡುಗಿಯೊಬ್ಬಳು ಸಂಜೆಯ ಹೊತ್ತು ಪಾಠ ಹೇಳಿಸಿಕೊಳ್ಳಲು ನನ್ನ ಬಳಿಗೆ ಬರುತ್ತಿದ್ದಳು. ಒಂದು ದಿನ ಆಕೆ ಅಲೆಯ ಸಮೀಕರಣವನ್ನು ಬರೆದಿದ್ದ ಪುಟವನ್ನು ನನ್ನ ಮುಂದಿಟ್ಟು, “ಟೀಚರ್, ಈ ಅಲೆ ಬಲಗಡೆಗೆ, ಅಂದರೆ ಮುಂದಕ್ಕೆ, ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಮುಂದಕ್ಕೆ ಹೋಗುವುದಾದರೆ ಕೂಡುವ ಚಿಹ್ನೆ ಇರಬೇಕಲ್ಲವೆ? ಇಲ್ಲಿ ಕಳೆಯುವ ಚಿಹ್ನೆ ಏಕಿದೆ?” ಎಂದು ಕೇಳಿದಳು. ನಾನು, “ಪುಸ್ತಕದಲ್ಲಿ ಇರುವಂತೆಯೇ ಬರೆದುಕೋ ಮಗು, ಪರೀಕ್ಷೆಗೆ ಅಷ್ಟು ಸಾಕು” ಎಂದೆನು. ಆಕೆ ಮರುಮಾತಾಡದೆ ಪುಟವನ್ನು ಮಡಿಸಿಕೊಂಡಳು.

ಕೆಲವು ವಾರಗಳಾದ ಮೇಲೆ ಆಕೆ ಬರುವುದನ್ನು ನಿಲ್ಲಿಸಿದಳು. ಮರುವರ್ಷ ಗಣಿತವನ್ನೂ ಭೌತಶಾಸ್ತ್ರವನ್ನೂ ಬಿಟ್ಟು ಬೇರೆ ವಿಷಯಗಳನ್ನು ತೆಗೆದುಕೊಂಡಳೆಂದು ಕೇಳಿದೆನು. ಅದಕ್ಕೆ ನನ್ನ ಮಾತೊಂದೇ ಕಾರಣವೆಂದು ಹೇಳಲಾರೆ. ಆದರೆ ಆ ದಿನ ನಾನು ಮರೆಮಾಚಿದ ಸತ್ಯವೊಂದಿದೆ: ಆ ಪ್ರಶ್ನೆಗೆ ಉತ್ತರವು ನನಗೇ ಗೊತ್ತಿರಲಿಲ್ಲ. ನಾನೂ ಆ ಸಮೀಕರಣವನ್ನು ಬಾಯಿಪಾಠ ಮಾಡಿ ತೇರ್ಗಡೆಯಾದವಳು. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಪರೀಕ್ಷೆಯ ಹೆಸರನ್ನು ಅಡ್ಡ ಹಿಡಿದೆನು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅಲೆಯಲ್ಲಿ ಚಲಿಸುವುದು ಯಾವುದು?

ಬಟ್ಟೆ ಒಣಹಾಕುವ ಉದ್ದವಾದ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು, ಹಗ್ಗವು ತೀರ ಜೋಲದಂತೆ ಎಳೆದು ನಿಲ್ಲಿರಿ. ಕೈಯನ್ನು ಒಮ್ಮೆ ಥಟ್ಟನೆ ಮೇಲಕ್ಕೆತ್ತಿ ಇಳಿಸಿರಿ. ಹಗ್ಗದಲ್ಲಿ ಗೂನಿನಂಥ ಒಂದು ಉಬ್ಬು ಹುಟ್ಟಿ ಕಂಬದ ಕಡೆಗೆ ಓಡುವುದು. ಈಗ ಹಗ್ಗದ ನಡುವೆ ಒಂದು ಕೆಂಪು ನೂಲನ್ನು ಕಟ್ಟಿ ಮತ್ತೆ ಹಾಗೆಯೇ ಮಾಡಿರಿ. ಉಬ್ಬು ಬಂದಾಗ ಕೆಂಪು ನೂಲು ಮೇಲಕ್ಕೆ ಏರುವುದು. ಉಬ್ಬು ದಾಟಿದ ಮೇಲೆ ಇಳಿದು ತನ್ನ ಸ್ಥಳದಲ್ಲಿಯೇ ನಿಲ್ಲುವುದು. ಅದು ಕಂಬದ ಕಡೆಗೆ ಒಂದು ಗೇಣಷ್ಟೂ ಹೋಗುವುದಿಲ್ಲ.

ಗಾಳಿ ಬೀಸಿದಾಗ ಬತ್ತದ ಗದ್ದೆಯ ಮೇಲೆ ಅಲೆಗಳು ಓಡುವುದನ್ನು ನೀವೆಲ್ಲರೂ ಕಂಡಿರುವಿರಿ. ಪೈರಿನ ಯಾವ ಬುಡವೂ ತನ್ನ ಮಣ್ಣನ್ನು ಬಿಟ್ಟು ಓಡದು. ಪ್ರತಿಯೊಂದು ಪೈರೂ ಬಾಗಿ ಏಳುವುದಷ್ಟೆ. ಹಾಗಾದರೆ ಓಡಿದ್ದು ಯಾವುದು? ಬಾಗಿ ಏಳುವ ಆ ಕ್ರಿಯೆಯು ಒಂದು ಪೈರಿನಿಂದ ಮುಂದಿನ ಪೈರಿಗೆ ಸಾಗಿತು. ಇಲ್ಲಿ ನಡೆದದ್ದು ಅಲ್ಲಿ ಸ್ವಲ್ಪ ಹೊತ್ತಿನ ಮೇಲೆ ನಡೆಯುವುದು, ಇದೇ ಅಲೆ. “ಸ್ವಲ್ಪ ಹೊತ್ತಿನ ಮೇಲೆ” ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಮೀಕರಣದ ಗುಟ್ಟೆಲ್ಲವೂ ಅದರಲ್ಲಿ ಅಡಗಿದೆ.

ಅಂಗಳದಲ್ಲಿ ಒಂದು ಆಟ

ಈಚಿನ ವರ್ಷಗಳಲ್ಲಿ ನಾನು ಈ ಪಾಠವನ್ನು ಕಪ್ಪು ಹಲಗೆಯ ಮೇಲೆ ಆರಂಭಿಸುವುದಿಲ್ಲ. ಹುಡುಗಿಯರನ್ನು ಅಂಗಳಕ್ಕೆ ಕರೆದೊಯ್ದು ಸಾಲಾಗಿ ನಿಲ್ಲಿಸುತ್ತೇನೆ. ಎಡತುದಿಯವಳಿಗೆ ಸೊನ್ನೆ ಎಂಬ ಸಂಖ್ಯೆ. ಆಮೇಲೆ ಕ್ರಮವಾಗಿ 1, 2, 3 ಎಂದು ಬಲತುದಿಯವರೆಗೆ. “ನಾನೇಕೆ ಸೊನ್ನೆ, ಟೀಚರ್?” ಎಂದು ಮೊದಲನೆಯವಳು ಮುನಿಸಿಕೊಳ್ಳುವುದುಂಟು. ಅಲೆಯೆಲ್ಲ ನಿನ್ನಿಂದಲೇ ಹುಟ್ಟುವುದೆಂದು ಹೇಳಿ ಸಮಾಧಾನಪಡಿಸಬೇಕು.

ಆಟದ ನಿಯಮ ಒಂದೇ. ನಾನು ಗಟ್ಟಿಯಾಗಿ ಎಣಿಸುತ್ತಿರುವಾಗ ಪ್ರತಿಯೊಬ್ಬಳೂ ತನ್ನ ಎಡಗಡೆಯವಳು ಹಿಂದಿನ ಎಣಿಕೆಯಲ್ಲಿ ಮಾಡಿದ್ದನ್ನೇ ಈಗಿನ ಎಣಿಕೆಯಲ್ಲಿ ಮಾಡಬೇಕು. ಸೊನ್ನೆಯವಳು ಮಾತ್ರ ಸ್ವತಂತ್ರಳು. ಅವಳು 3 ಎಂಬ ಎಣಿಕೆಗೆ ಕೈಯೆತ್ತಿ 4ಕ್ಕೆ ಇಳಿಸಿದಳೆನ್ನೋಣ. ಆಗ 1ನೆಯವಳು 4ಕ್ಕೆ ಕೈಯೆತ್ತುವಳು, 2ನೆಯವಳು 5ಕ್ಕೆ, 5ನೆಯವಳು 8ಕ್ಕೆ. ಎತ್ತಿದ ಕೈಯು ಸಾಲಿನ ಉದ್ದಕ್ಕೂ ಓಡುವುದು. ಹುಡುಗಿಯರು ಮಾತ್ರ ನಿಂತಲ್ಲಿಯೇ ನಿಂತಿರುವರು.

ಈಗ ಪ್ರಶ್ನೆ: 10 ಎಂದು ಎಣಿಸಿದಾಗ ಯಾರ ಕೈ ಮೇಲಿರುವುದು? 7ನೆಯವಳದು. ಹೇಗೆ ತಿಳಿಯಿತು? 10ರಿಂದ 7ನ್ನು ಕಳೆದರೆ 3. ಆ 3ನೆಯ ಎಣಿಕೆಯಲ್ಲಿಯೇ ಸೊನ್ನೆಯವಳು ಕೈಯೆತ್ತಿದ್ದು. 12 ಎಂದಾಗ 9ನೆಯವಳು. 12ರಿಂದ 9ನ್ನು ಕಳೆದರೂ ಬರುವುದು 3. ಆದ್ದರಿಂದ ಯಾವ ಎಣಿಕೆಯಲ್ಲಿ ಯಾವ ಹುಡುಗಿ ಏನು ಮಾಡುತ್ತಿರುವಳೆಂದು ತಿಳಿಯಬೇಕಾದರೆ, ಎಣಿಕೆಯಿಂದ ಆಕೆಯ ಸಂಖ್ಯೆಯನ್ನು ಕಳೆದು, ಉಳಿದ ಎಣಿಕೆಯಲ್ಲಿ ಸೊನ್ನೆಯವಳು ಏನು ಮಾಡಿದಳೆಂದು ನೋಡಿದರಾಯಿತು.

ಕಳೆಯುವ ಚಿಹ್ನೆಯು ಇಲ್ಲಿಯೇ ಹುಟ್ಟಿತು. ಅಲೆ ಹಿಂದಕ್ಕೆ ಹೋಗುವುದರಿಂದ ಅದು ಬಂದುದಲ್ಲ. ಅಲೆ ಮುಂದಕ್ಕೆ ಹೋಗುವಾಗ ಮುಂದೆ ನಿಂತವರಿಗೆ ಅದು ತಡವಾಗಿ ತಲಪುವುದರಿಂದ ಬಂದುದು. ತಡವಾದವರ ಲೆಕ್ಕದಲ್ಲಿ ಆ ತಡವನ್ನು ಕಳೆಯಲೇ ಬೇಕು. ಆ ಚಿಹ್ನೆಯು ದಿಕ್ಕನ್ನು ನೇರವಾಗಿ ಹೇಳುವುದಲ್ಲ, ತಡವನ್ನು ಹೇಳುವುದು.

ಆಟದಿಂದ ಸಮೀಕರಣಕ್ಕೆ

ಈಗ ಹುಡುಗಿಯರ ಸಾಲಿನ ಬದಲು ಹಗ್ಗವನ್ನೇ ತೆಗೆದುಕೊಳ್ಳೋಣ. ಕಾಲೇಜಿನ ಪುಸ್ತಕಗಳು ಎಕ್ಸ್, ವೈ, ಟಿ ಮೊದಲಾದ ಅಕ್ಷರಗಳನ್ನು ಬಳಸುವುವು. ಇಲ್ಲಿ ಓದುವವರ ಸೌಕರ್ಯಕ್ಕಾಗಿ ಕನ್ನಡ ಪದಗಳ ಮೊದಲಕ್ಷರಗಳನ್ನೇ ಇಟ್ಟುಕೊಳ್ಳುತ್ತೇನೆ.

ಕೈಯಿಂದ ಹಗ್ಗದ ಉದ್ದಕ್ಕೆ ಅಳೆದ ದೂರ: ದ
ಆರಂಭದಿಂದ ಕಳೆದ ಕಾಲ: ಕ
ಅಲೆ ಹಗ್ಗದ ಮೇಲೆ ಓಡುವ ವೇಗ: ವ
ಹಗ್ಗದ ಒಂದು ಬಿಂದುವು ತನ್ನ ವಿಶ್ರಾಂತಿಯ ಮಟ್ಟದಿಂದ ಏರಿದ ಎತ್ತರ: ಎ (ಮಟ್ಟಕ್ಕಿಂತ ಇಳಿದಿದ್ದರೆ ಇದು ಋಣಸಂಖ್ಯೆ)

ವೇಗ ವ ಆಗಿರುವಾಗ ದ ಎಂಬಷ್ಟು ದೂರವನ್ನು ಕ್ರಮಿಸಲು ಹಿಡಿಯುವ ಕಾಲವು ದ/ವ. ಇದೇ ತಡ. ಆದುದರಿಂದ ದ ದೂರದಲ್ಲಿರುವ ಬಿಂದುವು ಕ ಎಂಬ ಕಾಲದಲ್ಲಿ ಮಾಡುವುದು, ಕೈಯು (ಕ − ದ/ವ) ಎಂಬ ಕಾಲದಲ್ಲಿ ಮಾಡಿದ್ದನ್ನೇ. ಕೈಯ ಚಲನೆಯು ಯಾವ ವಿಧವಾಗಿದ್ದರೂ ಸರಿ, ಅದನ್ನು ಬರೆದ ಸೂತ್ರದಲ್ಲಿ ಕ ಇರುವಲ್ಲೆಲ್ಲ (ಕ − ದ/ವ) ಎಂದು ಬರೆದರೆ ಇಡೀ ಹಗ್ಗದ ಚಲನೆಯು ದೊರೆಯುವುದು. ಬಾಯಿಪಾಠ ಮಾಡಬೇಕಾದದ್ದು ಏನಾದರೂ ಇದ್ದರೆ ಇದೊಂದೇ.

ಇದನ್ನೇ ಇನ್ನೊಂದು ರೀತಿಯಾಗಿಯೂ ನೋಡಬಹುದು. ಕ = 0 ಆಗಿದ್ದಾಗ ಹಗ್ಗದ ಒಂದು ಛಾಯಾಚಿತ್ರವನ್ನು ತೆಗೆದೆವೆನ್ನೋಣ. ಸ್ವಲ್ಪ ಹೊತ್ತಿನ ಮೇಲೆ ಆ ಚಿತ್ರದ ಆಕಾರವೇ ವ × ಕ ಎಂಬಷ್ಟು ದೂರ ಬಲಕ್ಕೆ ಸರಿದಿರುವುದು. ಈಗ ದ ಎಂಬಲ್ಲಿ ಹಗ್ಗ ಎಷ್ಟು ಎತ್ತರದಲ್ಲಿದೆ? ಹಳೆಯ ಚಿತ್ರದಲ್ಲಿ ಅಷ್ಟು ದೂರ ಹಿಂದಕ್ಕೆ ಹೋಗಿ, ಎಂದರೆ (ದ − ವ × ಕ) ಎಂಬ ಸ್ಥಳದಲ್ಲಿ, ನೋಡಬೇಕು. ಮುಂದೆ ಬಂದಿರುವ ಅಲೆಯ ಮೂಲವನ್ನು ಹುಡುಕುವವರು ಹಿಂದಿರುಗಿ ನೋಡುವುದು ಸಹಜವಷ್ಟೆ.

ಅಲೆ ಎದುರುಗಡೆಯಿಂದ, ಎಂದರೆ ಕಂಬದ ಕಡೆಯಿಂದ ಕೈಯ ಕಡೆಗೆ, ಬರುತ್ತಿದ್ದರೆ ಏನಾಗುವುದು? ಆಗ ದ ದೂರದಲ್ಲಿರುವ ಬಿಂದುವಿಗೇ ಅಲೆ ಮೊದಲು ತಲಪುವುದು, ಕೈಗೆ ಆಮೇಲೆ. ತಡಕ್ಕೆ ಬದಲಾಗಿ ಮುಂಚಿತವಾಗುವುದು. ಕಳೆಯುವ ಬದಲು ಕೂಡಬೇಕಾಗುವುದು: (ಕ + ದ/ವ). ಆದ್ದರಿಂದ ಕೂಡುವ ಚಿಹ್ನೆ ಎಡಕ್ಕೆ ಬರುವ ಅಲೆಗೆ, ಕಳೆಯುವ ಚಿಹ್ನೆ ಬಲಕ್ಕೆ ಹೋಗುವ ಅಲೆಗೆ ಸಲ್ಲುವುದು. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೆ.

ಜ್ಯಾ ಎಂಬುದರ ಜ್ಞಾಪಕ

ಒಮ್ಮೆ ಮಾತ್ರ ಎತ್ತಿ ಇಳಿಸದೆ ಕೈಯನ್ನು ಒಂದೇ ಹದದಲ್ಲಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರೆ ಹಗ್ಗದಲ್ಲಿ ಒಂದರ ಹಿಂದೊಂದು ಅಲೆಗಳು ಹುಟ್ಟುತ್ತ ಹೋಗುವುವು. ಕೈಯ ಈ ಚಲನೆಯನ್ನು ಬರೆಯಲು, ತರಗತಿಯಲ್ಲಿ ನಾವು ಸೈನ್ ಎನ್ನುವ ಜ್ಯಾ ಬೇಕಾಗುವುದು.

ಒಂದು ಚಕ್ರದ ಅಂಚಿನ ಮೇಲೆ ಸುಣ್ಣದಿಂದ ಒಂದು ಚುಕ್ಕೆಯನ್ನಿಟ್ಟು ಚಕ್ರವನ್ನು ಸಮವೇಗದಿಂದ ತಿರುಗಿಸಿರಿ. ಚುಕ್ಕೆಯು ಅಚ್ಚಿನ ಮಟ್ಟದಿಂದ ಹೊರಟು ಮೇಲೇರಿ, ತುತ್ತತುದಿಗೆ ಬಂದು, ಇಳಿದು, ಅಚ್ಚಿನ ಮಟ್ಟವನ್ನು ದಾಟಿ ಕೆಳಗಿಳಿದು, ಮತ್ತೆ ಮೇಲೆ ಬರುವುದು. ಅಚ್ಚಿನ ಮಟ್ಟದಿಂದ ಚುಕ್ಕೆಯ ಎತ್ತರವನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ತಿರುಗಿದ ಕೋಣದ ಜ್ಯಾ. ಕೋಣವು 0° ಆದಾಗ ಅದು 0. 90° ಆದಾಗ 1. 180° ಆದಾಗ 0. 270° ಆದಾಗ −1. 360° ಆದಾಗ ಮತ್ತೆ 0.

ಈ ಪದಕ್ಕೆ ಒಂದು ಚರಿತ್ರೆಯಿದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ಕ್ರಿ. ಶ. 499ರ ಸುಮಾರಿನ ಆರ್ಯಭಟೀಯದಲ್ಲಿ ಆರ್ಯಭಟನು ಅರ್ಧಜ್ಯಾಗಳ ಕೋಷ್ಟಕವನ್ನು ಕೊಟ್ಟಿರುವನು. ಜ್ಯಾ, ಜೀವಾ ಎಂಬ ಈ ಪದವು ಅರಬರಲ್ಲಿಗೆ ಹೋಗಿ ಜೀಬ ಎನಿಸಿತು. ಅದರ ಬರೆಹವನ್ನು ಮಡಿಲು ಎಂಬರ್ಥದ ಜೈಬ್ ಎಂದು ಓದಿದುದರಿಂದ ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನಿಗೆ ಅದೇ ಅರ್ಥದ ಸೈನಸ್ ಎಂದು ಪರಿವರ್ತಿತವಾಯಿತು. ಅದೇ ನಮಗೆ ಸೈನ್ ಆಗಿ ಹಿಂದಿರುಗಿದೆ. ಹಗ್ಗದ ಅಲೆಯನ್ನು ಬರೆಯಲು ಹೆದೆಯ ಹೆಸರೇ ಒದಗಿದುದು ಒಪ್ಪುವಂತಿದೆ.

ಕೈಯು ಮಟ್ಟದಿಂದ ಅತ್ಯಂತ ಹೆಚ್ಚಾಗಿ ಏರುವ ಎತ್ತರಕ್ಕೆ ಪಾರವೆಂದು ಹೆಸರು, ಅದು ಪ. ಒಮ್ಮೆ ಮೇಲೆ ಹೋಗಿ, ಕೆಳಗಿಳಿದು, ಮತ್ತೆ ಮೊದಲಿನ ಸ್ಥಿತಿಗೆ ಬರಲು ಹಿಡಿಯುವ ಕಾಲಕ್ಕೆ ಆವರ್ತಕಾಲವೆಂದು ಹೆಸರು; ಅದು ಆ. ಕ ಎಂಬ ಕಾಲದಲ್ಲಿ ಕೈಯು ಕ/ಆ ಸುತ್ತುಗಳನ್ನು ಮುಗಿಸಿರುವುದು. ಒಂದು ಸುತ್ತಿಗೆ 360°. ಆದ್ದರಿಂದ ಕೈಯ ಚಲನೆ:

ಎ = ಪ ಜ್ಯಾ 360° (ಕ/ಆ)

ಇನ್ನು ನಮ್ಮ ನಿಯಮದಂತೆ ಕ ಇರುವಲ್ಲಿ (ಕ − ದ/ವ) ಎಂದು ಬರೆಯೋಣ. ಕ/ಆ ಎಂಬುದು ಕ/ಆ − ದ/(ವ × ಆ) ಎಂದಾಗುವುದು. ಇಲ್ಲಿ ವ × ಆ ಎಂದರೇನು? ಕೈಯು ಒಂದು ಸುತ್ತನ್ನು ಮುಗಿಸುವಷ್ಟರಲ್ಲಿ ಅಲೆ ಓಡಿದ ದೂರ. ಎಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಇರುವ ದೂರ. ಇದಕ್ಕೆ ತರಂಗಾಂತರವೆಂದು ಹೆಸರು, ಅದು ತ. ಹೀಗೆ ತ = ವ × ಆ ಎಂಬ ಮುಖ್ಯ ಸಂಬಂಧವು ದಾರಿಯಲ್ಲಿಯೇ ದೊರೆಯಿತು. ಕೊನೆಗೆ ಬರುವ ಸಮೀಕರಣ:

ಎ = ಪ ಜ್ಯಾ 360° (ಕ/ಆ − ದ/ತ)

ಇದೇ ಬಲಕ್ಕೆ ಚಲಿಸುವ ಅಲೆಯ ಸಮೀಕರಣ. ಮೇಲಿನ ತರಗತಿಗಳಲ್ಲಿ 360° ಎಂಬಲ್ಲಿ 2 ಪೈ ರೇಡಿಯನ್ ಎಂದು ಬರೆಯುವರು, ಅರ್ಥ ಒಂದೇ.

ಒಂದು ಉದಾಹರಣೆ

ಕೈಯ ಪಾರವು 5 ಸೆಂಟಿಮೀಟರು, ಆವರ್ತಕಾಲ ಅರ್ಧ ಸೆಕೆಂಡು, ಹಗ್ಗದಲ್ಲಿ ಅಲೆಯ ವೇಗ ಸೆಕೆಂಡಿಗೆ 4 ಮೀಟರು ಎಂದಿರಲಿ. ಆಗ ತರಂಗಾಂತರವು 4 × ½ = 2 ಮೀಟರು. ಸಮೀಕರಣವು:

ಎ = 5 ಜ್ಯಾ 360° (2ಕ − ದ/2)

ಇಲ್ಲಿ ಎ ಸೆಂಟಿಮೀಟರಿನಲ್ಲಿ, ದ ಮೀಟರಿನಲ್ಲಿ, ಕ ಸೆಕೆಂಡಿನಲ್ಲಿ. ಕೈಯಿಂದ 1.5 ಮೀಟರು ದೂರದಲ್ಲಿ ಕಟ್ಟಿದ ಕೆಂಪು ನೂಲು 1 ಸೆಕೆಂಡಿನ ಕೊನೆಯಲ್ಲಿ ಎಲ್ಲಿರುವುದು? ಆವರಣದ ಒಳಗೆ 2 − 0.75 = 1.25. ಎಂದರೆ ಒಂದು ಪೂರ್ಣ ಸುತ್ತು ಮತ್ತು ಕಾಲು ಸುತ್ತು. ಕಾಲು ಸುತ್ತು 90°. ಅದರ ಜ್ಯಾ 1. ಆದ್ದರಿಂದ ನೂಲು 5 ಸೆಂಟಿಮೀಟರು ಮೇಲೆ, ಶಿಖರದಲ್ಲಿಯೇ ಇರುವುದು.

ಇದನ್ನು ಆಟದ ನಿಯಮದಿಂದ ತಾಳೆ ನೋಡಿರಿ. 1.5 ಮೀಟರಿಗೆ ತಡವು 1.5/4 = 0.375 ಸೆಕೆಂಡು. 1ರಿಂದ ಅದನ್ನು ಕಳೆದರೆ 0.625 ಸೆಕೆಂಡು. ಆ ಹೊತ್ತಿನಲ್ಲಿ ಕೈಯು 0.625/0.5 = 1.25 ಸುತ್ತು ಮುಗಿಸಿ ಶಿಖರದಲ್ಲಿತ್ತು. ಕೈ ಆಗ ಮಾಡಿದ್ದನ್ನು ನೂಲು ಈಗ ಮಾಡುತ್ತಿದೆ. ಎರಡು ದಾರಿಗಳೂ ಒಂದೇ ಮನೆಯನ್ನು ಸೇರಿದುವು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, ಎರಡು ವೇಗಗಳನ್ನು ಒಂದೆಂದು ಭಾವಿಸುವುದು. ಮೇಲಿನ ಉದಾಹರಣೆಯಲ್ಲಿ ಅಲೆ ಸೆಕೆಂಡಿಗೆ 400 ಸೆಂಟಿಮೀಟರು ಓಡುವುದು. ಕೆಂಪು ನೂಲಾದರೋ ಮೇಲೆ ಕೆಳಗೆ ಆಡುವಾಗ ಅತಿ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 63 ಸೆಂಟಿಮೀಟರು ವೇಗವನ್ನು ಪಡೆಯುವುದು. ಅಲೆಯ ವೇಗವನ್ನು ಹಗ್ಗದ ಬಿಗಿಯೂ ತೂಕವೂ ಗೊತ್ತುಮಾಡುವುವು; ಕೈಯನ್ನು ಬೇಗ ಬೇಗ ಆಡಿಸಿದರೆ ಅಲೆಗಳು ಒತ್ತೊತ್ತಾಗಿ ಹುಟ್ಟುವುವೇ ಹೊರತು ಬೇಗ ಓಡುವುದಿಲ್ಲ.

ಎರಡನೆಯದು, ಕೆಲವು ಪುಸ್ತಕಗಳಲ್ಲಿ (ದ/ತ − ಕ/ಆ) ಎಂದು ಬರೆದಿರುವುದನ್ನು ಕಂಡು, ಅಲೆ ದಿಕ್ಕು ಬದಲಿಸಿತೆಂದು ತಿಳಿಯುವುದು. ಋಣಕೋಣದ ಜ್ಯಾ ಋಣವಾಗುವುದರಿಂದ ಇಲ್ಲಿ ಏರು ಇದ್ದಲ್ಲಿ ತಗ್ಗು, ತಗ್ಗು ಇದ್ದಲ್ಲಿ ಏರು ಬರುವುದಷ್ಟೆ; ಅಲೆ ಬಲಕ್ಕೇ ಹೋಗುವುದು. ನೋಡಬೇಕಾದದ್ದು ಕಾಲ ಮತ್ತು ದೂರಗಳ ಚಿಹ್ನೆಗಳನ್ನು. ಅವು ಬೇರೆಬೇರೆಯಾಗಿದ್ದರೆ ಅಲೆ ಬಲಕ್ಕೆ. ಒಂದೇ ಆಗಿದ್ದರೆ ಎಡಕ್ಕೆ.

ಮೂರನೆಯದು, ಕೈಯು ಆಗ ತಾನೇ ಆಡತೊಡಗಿದೆ ಎಂಬುದನ್ನು ಮರೆಯುವುದು. ನಮ್ಮ ಸಮೀಕರಣವು ಕೈ ಮೊದಲಿನಿಂದಲೂ ಆಡುತ್ತಲೇ ಇದೆಯೆಂದು ಭಾವಿಸುವುದು. ಕ = 0 ಆದಾಗ ಆಡಲಾರಂಭಿಸಿದರೆ, 0.375 ಸೆಕೆಂಡಿಗೆ ಮುಂಚೆ ನಮ್ಮ ಕೆಂಪು ನೂಲಿಗೆ ಸುದ್ದಿಯೇ ತಲಪಿರುವುದಿಲ್ಲ; ಅದು ಸುಮ್ಮನೆ ಇರುವುದು.

ಹಗ್ಗದಿಂದ ವೀಣೆಗೆ, ವೀಣೆಯಿಂದ ಸಮುದ್ರಕ್ಕೆ

ತಂತಿಯ ಚಲನೆಯನ್ನು ಈ ವಿಧವಾಗಿ ಮೊಟ್ಟಮೊದಲು ಬಿಡಿಸಿದವನು ಫ್ರಾನ್ಸಿನ ಗಣಿತಜ್ಞ ದಾಲಾಂಬೇರ್. ಬಿಗಿದ ತಂತಿಯ ಯಾವ ಚಲನೆಯಾದರೂ ಬಲಕ್ಕೆ ಓಡುವ ಒಂದು ಅಲೆ ಮತ್ತು ಎಡಕ್ಕೆ ಓಡುವ ಒಂದು ಅಲೆ ಇವುಗಳ ಮೊತ್ತವೆಂದು ಆತನು 1747ರಲ್ಲಿ ತೋರಿಸಿದನು. 1717ರಲ್ಲಿ ಪ್ಯಾರಿಸ್ಸಿನ ಒಂದು ದೇವಾಲಯದ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದ ಕೂಸು ಆತನು. ಗಾಜಿನ ಕೆಲಸದವನೊಬ್ಬನ ಹೆಂಡತಿ ಎತ್ತಿ ಸಾಕಿದಳು. ವೀಣೆಯ ತಂತಿಯನ್ನು ಮೀಟಿದಾಗ ಎರಡು ಕಡೆಗೂ ಓಡುವ ಅಲೆಗಳು ತುದಿಗಳಿಂದ ಹಿಂದಿರುಗಿ ಒಂದರ ಮೇಲೊಂದು ಬಿದ್ದು, ಓಡದೆ ನಿಂತಲ್ಲಿಯೇ ಆಡುವ ಅಲೆಯಾಗುವುವು. ಸ್ವರ ಹುಟ್ಟುವುದು ಅದರಿಂದಲೇ. ಕಮಾನಿನಿಂದ ನುಡಿಸುವ ತಂತಿಗಳ ಕಂಪನವನ್ನು ಕುರಿತು 1918ರಲ್ಲಿ ಗ್ರಂಥವನ್ನು ಪ್ರಕಟಿಸಿದ ಚಂದ್ರಶೇಖರ ವೆಂಕಟರಾಮನ್ ಅವರು 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದು ಕಡೆಯವರೆಗೂ ಅಲ್ಲಿಯೇ ನೆಲಸಿದರು.

ದ/ವ ಎಂಬ ಆ ತಡವು ಬರಿಯ ಪುಸ್ತಕದ ಮಾತಲ್ಲವೆಂಬುದನ್ನು ಸಮುದ್ರವು ತೋರಿಸಿಕೊಟ್ಟಿದೆ. 2004ನೆಯ ಇಸವಿ ಡಿಸೆಂಬರ್ 26ರಂದು, ನಮ್ಮ ಗಡಿಯಾರದಂತೆ ಬೆಳಿಗ್ಗೆ ಆರೂವರೆಯ ಸುಮಾರಿಗೆ, ಸುಮಾತ್ರ ದ್ವೀಪದ ಪಶ್ಚಿಮಕ್ಕೆ ಕಡಲ ತಳದಲ್ಲಿ ಭೂಕಂಪವಾಯಿತು. ಅಂಥ ಮಹಾ ಅಲೆಯ ವೇಗವು ನೀರಿನ ಆಳವನ್ನು ಅವಲಂಬಿಸಿರುವುದು. ಆಳವನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಅದು ದೊರೆಯುವುದು. 4000 ಮೀಟರು ಆಳದಲ್ಲಿ ಸೆಕೆಂಡಿಗೆ ಸುಮಾರು 198 ಮೀಟರು. ಎಂದರೆ ಗಂಟೆಗೆ 700 ಕಿಲೋಮೀಟರಿಗೂ ಮಿಗಿಲು. ಆ ವೇಗದಲ್ಲಿಯೂ 1000 ಕಿಲೋಮೀಟರು ಕ್ರಮಿಸಲು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ತೀರದ ಬಳಿ ಆಳ ಕಡಿಮೆಯಾದಂತೆ ವೇಗ ತಗ್ಗಿ ಅಲೆ ಎತ್ತರವಾಗುವುದು. ಅಲ್ಲಿ ನಮ್ಮ ಸರಳ ಸಮೀಕರಣ ಸಾಲದು. ಆದರೆ ತಡವೆಂಬುದು ಉಳಿದೇ ಇರುವುದು. ತಮಿಳುನಾಡಿನ ತೀರಕ್ಕೆ ಅಲೆ ಬಂದುದು ಭೂಕಂಪವಾಗಿ ಎರಡು ಗಂಟೆಗಳಿಗೂ ಮೇಲೆ. ಆ ಎರಡು ಗಂಟೆಗಳಲ್ಲಿ ತೀರದವರಿಗೆ ಎಚ್ಚರಿಕೆ ಹೇಳುವ ಏರ್ಪಾಡೇ ಇರಲಿಲ್ಲ. ಅನೇಕ ದೇಶಗಳಲ್ಲಿ ಒಟ್ಟು ಎರಡು ಲಕ್ಷಕ್ಕೂ ಮಿಗಿಲಾದ ಜನರು ಮಡಿದರು. ಇದಾದ ಮೇಲೆ 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿಯ ಮುನ್ನೆಚ್ಚರಿಕೆಯ ಕೇಂದ್ರವು ಸ್ಥಾಪಿತವಾಯಿತು. ದ/ವ ಎಂಬ ತಡವನ್ನು ಲೆಕ್ಕಮಾಡಿ ಆ ಹೊತ್ತನ್ನು ಜನರ ಕೈಗೆ ಕೊಡುವುದೇ ಅದರ ಕಾರ್ಯ.

ಅದೇ ದಿನ ಥಾಯ್ಲೆಂಡಿನ ಫುಕೆಟ್ ದ್ವೀಪದ ಮೈ ಖಾವ್ ತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಿಕೆ ತನ್ನ ತಂದೆತಾಯಿಗಳೊಡನೆ ಇದ್ದಳು. ಕೆಲವೇ ವಾರಗಳ ಹಿಂದೆ ಭೂಗೋಳದ ತರಗತಿಯಲ್ಲಿ ಆಕೆ ಸುನಾಮಿಯ ಲಕ್ಷಣಗಳನ್ನು ಕಲಿತಿದ್ದಳು. ಕಡಲು ವಿಚಿತ್ರವಾಗಿ ನೊರೆಯೇಳುವುದನ್ನು ಕಂಡು, ಅಲೆ ಬರಲಿದೆಯೆಂದು ಹಿರಿಯರಿಗೆ ಒತ್ತಿ ಒತ್ತಿ ಹೇಳಿದಳು. ತಂದೆಯು ಕಾವಲಿನವನಿಗೆ ತಿಳಿಸಿದರು. ತೀರವನ್ನು ತೆರವು ಮಾಡಿಸಲಾಯಿತು. ಆ ತೀರದಲ್ಲಿ ಪ್ರಾಣಹಾನಿಯಾಗಲಿಲ್ಲ. ಪಾಠ ಹೇಳಿದವರು ಅರ್ಥವಾಗುವಂತೆ ಹೇಳಿದ್ದರು, ಹುಡುಗಿ ಅರ್ಥಮಾಡಿಕೊಂಡಿದ್ದಳು, ಹಿರಿಯರು ಆಕೆಯ ಮಾತಿಗೆ ಕಿವಿಗೊಟ್ಟರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಏನಾಗುತ್ತಿತ್ತೆಂದು ನಾನು ಅನೇಕ ಸಾರಿ ಯೋಚಿಸಿದ್ದೇನೆ.

ಅಭ್ಯಾಸ

ಮನೆಯಲ್ಲಿ ಮಕ್ಕಳೊಡನೆ ಕುಳಿತು ಮಾಡಲು ಮೂರು ಲೆಕ್ಕಗಳನ್ನು ಕೊಡುತ್ತೇನೆ.

1. ಎ = 3 ಜ್ಯಾ 360° (5ಕ − ದ/4) ಎಂಬ ಅಲೆಯಲ್ಲಿ ಪಾರ, ಆವರ್ತಕಾಲ, ತರಂಗಾಂತರ, ವೇಗ ಇವುಗಳೆಷ್ಟು? ಅಲೆ ಯಾವ ದಿಕ್ಕಿಗೆ ಹೋಗುವುದು? (ಎ ಸೆಂಟಿಮೀಟರಿನಲ್ಲಿ, ದ ಮೀಟರಿನಲ್ಲಿ, ಕ ಸೆಕೆಂಡಿನಲ್ಲಿ.)

2. ಪಾರ 2 ಸೆಂಟಿಮೀಟರು, ಆವರ್ತಕಾಲ ಕಾಲು ಸೆಕೆಂಡು, ವೇಗ ಸೆಕೆಂಡಿಗೆ 8 ಮೀಟರು. ಎಡಕ್ಕೆ ಬರುವ ಅಲೆಯ ಸಮೀಕರಣವನ್ನು ಬರೆಯಿರಿ.

3. ಮಿಂಚು ಕಂಡ 6 ಸೆಕೆಂಡಿನ ಮೇಲೆ ಗುಡುಗು ಕೇಳಿಸಿತು. ಶಬ್ದದ ವೇಗ ಸೆಕೆಂಡಿಗೆ 340 ಮೀಟರು. ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತು?

ಉತ್ತರಗಳು: ಮೊದಲನೆಯದಕ್ಕೆ 3 ಸೆಂಟಿಮೀಟರು, 0.2 ಸೆಕೆಂಡು, 4 ಮೀಟರು, ಸೆಕೆಂಡಿಗೆ 20 ಮೀಟರು, ಬಲಕ್ಕೆ. ಎರಡನೆಯದಕ್ಕೆ ಎ = 2 ಜ್ಯಾ 360° (4ಕ + ದ/2). ಮೂರನೆಯದಕ್ಕೆ 2040 ಮೀಟರು.

ಮುಗಿಸುವ ಮುನ್ನ ಪೋಷಕರಲ್ಲಿ ಒಂದು ಬಿನ್ನಹ. ನಿಮ್ಮ ಮಗಳು ಒಂದು ಚಿಹ್ನೆಯನ್ನು ತೋರಿಸಿ ಇದು ಏಕೆ ಹೀಗಿದೆಯೆಂದು ಕೇಳಿದರೆ, ಹೆಣ್ಣುಮಕ್ಕಳಿಗೆ ಅದೆಲ್ಲ ಏಕೆಂದಾಗಲಿ, ಪರೀಕ್ಷೆಗೆ ಅಷ್ಟು ಸಾಕೆಂದಾಗಲಿ ದಯವಿಟ್ಟು ಹೇಳಬೇಡಿರಿ. “ನನಗೂ ಗೊತ್ತಿಲ್ಲ, ಕೇಳಿ ತಿಳಿಯೋಣ” ಎನ್ನಿರಿ. ಅದನ್ನು ಹೇಳುವುದರಿಂದ ಯಾರ ಗೌರವವೂ ಕುಂದುವುದಿಲ್ಲ. ಅದನ್ನು ಕಲಿಯಲು ನನಗೆ ಅನೇಕ ವರ್ಷಗಳು ಬೇಕಾದುವು.

ಆ ಹಳೆಯ ವಿದ್ಯಾರ್ಥಿನಿಯು ಈಗ ಎಲ್ಲಿರುವಳೋ ತಿಳಿಯದು. ಈ ಸಂಚಿಕೆಯು ಆಕೆಯ ಕೈಗೆ ತಲಪಿದರೆ ಈ ಮಾತನ್ನು ಓದಲಿ: ಮಗು, ನಿನ್ನ ಪ್ರಶ್ನೆ ಸರಿಯಾದುದಾಗಿತ್ತು. ತಪ್ಪು ನನ್ನದು. ಉತ್ತರ ತಡವಾಗಿ ಬಂದಿದೆ. ಆದರೂ ಅದು ನಿನಗೆ ಸಲ್ಲತಕ್ಕ ಉತ್ತರವೇ. ನಿನ್ನ ಮನೆಯಲ್ಲಿ ಈಗ ಕೇಳುವ ಮಕ್ಕಳಿದ್ದರೆ ಅವರಿಗೆ ಇದನ್ನು ನೀನೇ ಹೇಳಿಕೊಡು. ಬಿಡುವಾದಾಗ ಒಂದು ಸಂಜೆ ಶಾಲೆಗೆ ಬಾ. ಅಂಗಳದಲ್ಲಿ ಹುಡುಗಿಯರು ಸಾಲಾಗಿ ನಿಂತಿರುವರು. ಸೊನ್ನೆಯವಳ ಸ್ಥಳದಲ್ಲಿ ನೀನು ನಿಲ್ಲಬಹುದು.